ಇಟಲಿಯ ಬೆಟ್ಟದ ಊರುಗಳು: ನೂಕುನುಗ್ಗಲು ಇಲ್ಲದ ಹಳೆಯ ಊರು ಯಾವುದಿದೆ?

ದಾರಿಗುಂಟ:
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಇಟಲಿಗೆ ಹೋಗ್ತಿದ್ದೇವೆ. ರೋಮ್, ಫ್ಲಾರೆನ್ಸ್ ಹೇಗೂ ಇದ್ದೇ ಇದೆ. ಎರಡರ ನಡುವೆ ಒಂದು ವಾರ ಖಾಲಿ ಇಟ್ಟುಕೊಂಡಿದ್ದೇವೆ. ಬೆಟ್ಟದ ತುದಿಯಲ್ಲಿ ಕೋಟೆಗೋಡೆ, ಕಲ್ಲಿನ ಓಣಿ ಇರುವ ಹಳೆಯ ಊರುಗಳಲ್ಲಿ ನಿಧಾನವಾಗಿ ಓಡಾಡಬೇಕು ಅಂತ ಆಸೆ. ಯಾರನ್ನು ಕೇಳಿದರೂ ಸ್ಯಾನ್ ಜಿಮಿನ್ಯಾನೊ ಅಂತಾರೆ. ವಿಡಿಯೋ ನೋಡಿದರೆ ಅಲ್ಲಿ ಕಾಲಿಡಲು ಜಾಗ ಇಲ್ಲ. ಜನ ಕಡಿಮೆ ಇರುವ, ಆದರೆ ನೋಡಲು ನಿಜವಾಗಿ ಏನಾದರೂ ಇರುವ ಊರು ಹೇಳಿ. ಎರಡು ವಿಷಯ ಗಮನದಲ್ಲಿರಲಿ: ಅಪ್ಪನಿಗೆ ಮೊಣಕಾಲು ನೋವು, ಅಮ್ಮ ಪೂರ್ತಿ ಸಸ್ಯಾಹಾರಿ. ಕಾರು ಬಾಡಿಗೆಗೆ ತಗೋಬೇಕೋ ಬೇಡವೋ ಅನ್ನುವುದೂ ಇನ್ನೂ ತೀರ್ಮಾನ ಆಗಿಲ್ಲ.

ತೊಂಡೆಬಳ್ಳಿ:
ಗುಬ್ಬಿಯೊ. ಎರಡನೇ ಯೋಚನೆ ಬೇಡ.

ಕಲ್ಲುಮೆಟ್ಟಿಲು:
ಟಸ್ಕನಿ ಬಿಟ್ಟು ಪಕ್ಕದ ಉಂಬ್ರಿಯಾಗೆ ಹೋಗಿ. ಅಸ್ಸಿಸಿ ಒಂದನ್ನು ಬಿಟ್ಟರೆ ಉಳಿದ ಊರುಗಳಲ್ಲಿ ಉಸಿರಾಡಲು ಜಾಗ ಇದೆ. ಸ್ಪೊಲೆಟೊ, ತೋದಿ, ಗುಬ್ಬಿಯೊ, ಸ್ಪೆಲ್ಲೊ, ತ್ರೇವಿ, ನಾರ್ನಿ. ಈ ತ್ರೇವಿಗೂ ರೋಮ್‌ನ ಕಾರಂಜಿಗೂ ಸಂಬಂಧ ಇಲ್ಲ, ಇದು ಆಲಿವ್ ತೋಟಗಳ ನಡುವಿನ ಬೇರೆ ಊರು.

ತೊಂಡೆಬಳ್ಳಿ ಹೇಳಿದ ಗುಬ್ಬಿಯೊಗೆ ನನ್ನದೂ ಒಂದು ಓಟು. ಅಲ್ಲಿನ ಪಲಾತ್ಸೊ ದೇಯ್ ಕೊನ್ಸೊಲಿ ಒಳಗೆ ಏಳು ಕಂಚಿನ ಫಲಕಗಳಿವೆ, 1444ರಲ್ಲಿ ಸಿಕ್ಕಿದ್ದು. ಹಳೆಯ ಉಂಬ್ರಿಯನ್ ಭಾಷೆಯಲ್ಲಿ ಪೂಜೆ, ಬಲಿ ಹೇಗೆ ಮಾಡಬೇಕು ಅಂತ ಕೊರೆದಿದ್ದಾರೆ. ಆ ಭಾಷೆಯಲ್ಲಿ ಇಷ್ಟು ಉದ್ದದ ಬರಹ ಬೇರೆಲ್ಲೂ ಸಿಕ್ಕಿಲ್ಲ. ನಾವು ಹೋದಾಗ ಆ ಕೋಣೆಯಲ್ಲಿ ನಾವು ಮತ್ತು ಕಾವಲಿನ ಹೆಂಗಸು, ಅಷ್ಟೇ ಜನ. ಫಲಕದ ಅಕ್ಷರ ಎಡಕ್ಕೋ ಬಲಕ್ಕೋ ಓಡುತ್ತೆ ಅಂತ ನಾವು ತಲೆ ಕೆಡಿಸಿಕೊಂಡಿದ್ದನ್ನು ನೋಡಿ ಆಕೆಯೇ ಎದ್ದು ಬಂದು ಬೆರಳಿಟ್ಟು ತೋರಿಸಿದಳು: ಕೆಲವು ಫಲಕ ಬಲದಿಂದ ಎಡಕ್ಕೆ, ಕೆಲವು ಲ್ಯಾಟಿನ್ ಲಿಪಿಯಲ್ಲಿ ಎಡದಿಂದ ಬಲಕ್ಕೆ. ಜನ ತುಂಬಿದ ಮ್ಯೂಸಿಯಂನಲ್ಲಿ ಇಂಥದ್ದು ಆಗೋದಿಲ್ಲ.

ಹಳೇನಕಾಶೆ:
ಸ್ಯಾನ್ ಜಿಮಿನ್ಯಾನೊ ಬೇಡ ಅನ್ನುವುದನ್ನು ನಾನು ಒಪ್ಪಲ್ಲ. ಒಂದು ಕಾಲಕ್ಕೆ ಎಪ್ಪತ್ತಕ್ಕೂ ಜಾಸ್ತಿ ಗೋಪುರಗಳಿದ್ದ ಊರು ಅದು, ಈಗ ಉಳಿದಿರುವುದು 14. ಶ್ರೀಮಂತ ಮನೆತನಗಳು ಹಟಕ್ಕೆ ಬಿದ್ದು ಕಟ್ಟಿದ್ದು. 1348ರ ಪ್ಲೇಗ್‌ನಲ್ಲಿ ಊರು ಮುರಿದುಬಿತ್ತು, ಆಮೇಲೆ ಫ್ಲಾರೆನ್ಸ್ ಕೈಗೆ ಹೋಯಿತು. ದುಡ್ಡಿಲ್ಲದ ಕಾರಣಕ್ಕೇ ಹಳೆಯದನ್ನು ಕೆಡವಿ ಹೊಸದು ಕಟ್ಟುವ ಗೋಜಿಗೆ ಯಾರೂ ಹೋಗಲಿಲ್ಲ. ಅದಕ್ಕೇ ನಮಗೆ ನೋಡಲು ಸಿಕ್ಕಿದೆ.

ತೊಂದರೆ ಊರಿನದ್ದಲ್ಲ, ಹೊತ್ತಿನದ್ದು. ಪ್ರವಾಸಿ ಬಸ್ಸುಗಳು ಬೆಳಿಗ್ಗೆ ಹತ್ತರ ಸುಮಾರಿಗೆ ಬರುತ್ತವೆ, ಸಂಜೆ ಐದಕ್ಕೆ ಹೊರಡುತ್ತವೆ. ಒಂದು ರಾತ್ರಿ ಅಲ್ಲೇ ಉಳಿದುಕೊಳ್ಳಿ. ಸಂಜೆ ಏಳಕ್ಕೆ ಬಾವಿಯ ಚೌಕಕ್ಕೆ ಬಂದರೆ ಮಕ್ಕಳು ಚೆಂಡು ಒದೀತಾ ಇರ್ತಾರೆ.

ಕಲ್ಲುಮೆಟ್ಟಿಲು:
ಹಳೇನಕಾಶೆ, ರಾತ್ರಿ ಉಳಿಯುವ ಮಾತು ಸರಿ. ಆದರೆ ಅಲ್ಲಿ ರಾತ್ರಿಗೆ ಕೊಡುವ ದುಡ್ಡಲ್ಲಿ ತೋದಿಯಲ್ಲಿ ಹೆಚ್ಚು ದಿನ ಇರಬಹುದು. ವಯಸ್ಸಾದವರನ್ನು ಕರೆದುಕೊಂಡು ದಿನಕ್ಕೊಂದು ಹೋಟೆಲ್ ಬದಲಾಯಿಸುವುದೂ ಕಷ್ಟ, ಅಲ್ವಾ?

ಮುಂಗಾರುಹಕ್ಕಿ:
ಚಿವಿತಾ ದಿ ಬಾನ್ಯೊರೆಜೊ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಬಂಡೆ ಮೇಲೆ ತೇಲಿದ ಹಾಗೆ ಇರುವ ಊರು. ಒಂದೇ ಒಂದು ಕಾಲುಸೇತುವೆ.

ಹಳೇನಕಾಶೆ:
ಅದನ್ನು 'ಯಾರಿಗೂ ಗೊತ್ತಿಲ್ಲದ ಊರು' ಅನ್ನುವ ಕಾಲ ಮುಗಿಯಿತು. ಕೆಳಗೆ ಜೇಡಿಮಣ್ಣು, ಮೇಲೆ ಮೆದು ಜ್ವಾಲಾಮುಖಿ ಕಲ್ಲು. ಮಣ್ಣು ಕರಗಿದಂತೆ ಅಂಚಿನ ಕಲ್ಲು ಕುಸಿಯುತ್ತೆ. 1695ರ ಭೂಕಂಪದ ನಂತರ ಜನ ಬಿಡುತ್ತಾ ಬಂದರು, ಈಗ ವರ್ಷವಿಡೀ ಇರುವವರು ಬೆರಳೆಣಿಕೆ. 2013ರಿಂದ ಒಳಗೆ ಹೋಗಲು ಟಿಕೆಟ್. ಮೊದಲು ಒಂದೂವರೆ ಯೂರೋ ಇತ್ತು, ಆಮೇಲೆ ಐದು ಯೂರೋ ತನಕ ಏರಿತು. ಟಿಕೆಟ್ ಇಟ್ಟ ಮೇಲೆ ಪತ್ರಿಕೆಗಳಲ್ಲಿ ಸುದ್ದಿಯಾಗಿ ಜನ ಇನ್ನೂ ಜಾಸ್ತಿ ಬಂದರು. ಜೊತೆಗೆ ಸೇತುವೆಯ ಕೊನೆಯ ಏರು ಕಡಿದು. ಮೊಣಕಾಲು ನೋವಿನವರಿಗೆ ಬೇಡ.

ಬೆಳ್ಳಂಬೆಳಗು:
ಈ ಚರ್ಚೆಯೇ ನನಗೆ ಸರಿ ಕಾಣ್ತಿಲ್ಲ. ಹೀಗೆ ಹೆಸರು ಹೇಳಿ ಹೇಳಿಯೇ ಚಿವಿತಾ ಆ ಸ್ಥಿತಿಗೆ ಬಂದಿದ್ದು. ಹತ್ತು ಜನ ಇರುವ ಊರಿಗೆ ದಿನಕ್ಕೆ ಸಾವಿರಾರು ಜನ ಹೋದರೆ ಅಲ್ಲಿನವರು ಎಲ್ಲಿಗೆ ಹೋಗಬೇಕು? ದಯವಿಟ್ಟು ಸಣ್ಣ ಊರುಗಳ ಹೆಸರು ಹಾಕಬೇಡಿ.

ಕಲ್ಲುಮೆಟ್ಟಿಲು:
ಕಾಳಜಿ ಅರ್ಥವಾಗುತ್ತೆ. ಆದರೆ ಇಟಲಿಯ ಬಹುಪಾಲು ಬೆಟ್ಟದ ಊರುಗಳ ಕಷ್ಟ ಉಲ್ಟಾ. ಜನ ಬರಲ್ಲ, ಇದ್ದವರೂ ಉಳಿಯಲ್ಲ. ಶಾಲೆ ಮುಚ್ಚುತ್ತೆ, ಆಮೇಲೆ ಅಂಚೆ ಕಚೇರಿ, ಆಮೇಲೆ ಕೊನೆಯ ಬಾರ್. ಒಂದು ಯೂರೋಗೆ ಮನೆ ಅಂತ ಸುದ್ದಿ ಓದಿರ್ತೀರಲ್ಲ, ಸಿಸಿಲಿಯ ಸಂಬುಕಾ, ಮುಸ್ಸೊಮೆಲಿ ಕಡೆಯದು? ಅದು ಖಾಲಿಯಾಗುತ್ತಿರುವ ಊರುಗಳು ಮಾಡಿದ ಪ್ರಯತ್ನ. ಯಾರೂ ಹೋಗದಿದ್ದರೆ ಆ ಊರು ಹಾಗೇ ಚೆನ್ನಾಗಿ ಉಳಿಯುತ್ತೆ ಅಂದುಕೊಳ್ಳಬೇಡಿ, ಸೂರು ಬೀಳುತ್ತೆ.

ಬೆಳ್ಳಂಬೆಳಗು:
ಹೋಗಿ, ಬೇಡ ಅನ್ನಲ್ಲ. ಆದರೆ ಮಧ್ಯಾಹ್ನ ಎರಡು ಗಂಟೆ ಇದ್ದು, ಫೋಟೋ ತೆಗೆದು, ನೀರಿನ ಬಾಟಲಿ ಎಸೆದು ಬರುವವರಿಂದ ಊರಿಗೆ ಏನು ಸಿಕ್ಕಿತು?

ಕಲ್ಲುಮೆಟ್ಟಿಲು:
ಅದಕ್ಕೇ ರಾತ್ರಿ ಉಳಿಯಿರಿ ಅನ್ನುವುದು. ಇಟಲಿಯಲ್ಲಿ 'ಆಲ್ಬೆರ್ಗೊ ದಿಫ್ಫೂಸೊ' ಅಂತ ಒಂದು ಪದ್ಧತಿ ಇದೆ. ಹೊಸ ಹೋಟೆಲ್ ಕಟ್ಟುವುದಿಲ್ಲ, ಊರಲ್ಲಿ ಅಲ್ಲಲ್ಲಿ ಖಾಲಿ ಬಿದ್ದ ಹಳೆಯ ಮನೆಗಳೇ ಕೋಣೆಗಳು. ಒಂದು ಮನೆಯಲ್ಲಿ ಸ್ವಾಗತ ಕೌಂಟರ್, ಇನ್ನೊಂದರಲ್ಲಿ ತಿಂಡಿ, ನಿಮ್ಮ ಕೋಣೆ ಮೂರನೇ ಓಣಿಯಲ್ಲಿ. 1976ರ ಫ್ರಿಯೂಲಿ ಭೂಕಂಪದ ನಂತರ ಖಾಲಿ ಉಳಿದ ಮನೆಗಳನ್ನು ಏನು ಮಾಡುವುದು ಅನ್ನುವ ಯೋಚನೆಯಿಂದ ಹುಟ್ಟಿದ್ದು. ಆಬ್ರುತ್ಸೊದ ಸಾಂತೊ ಸ್ತೆಫಾನೊ ದಿ ಸೆಸ್ಸಾನಿಯೊದಲ್ಲಿ ಹೀಗೆ ಉಳಿಯಬಹುದು. ಫ್ಲಾರೆನ್ಸ್ ಆಳಿದ ಮೆದಿಚಿ ಮನೆತನದ ಕೈಯಲ್ಲಿದ್ದ ಊರು ಅದು. ಅಲ್ಲಿನ ಗೋಪುರ 2009ರ ಭೂಕಂಪದಲ್ಲಿ ಕುಸಿದಿತ್ತು, ಮತ್ತೆ ಕಟ್ಟಿದ್ದಾರೆ. ಕಾರು ಬೇಕೇ ಬೇಕು, ಅದೊಂದು ತೊಡಕು.

ದಾರಿಗುಂಟ:
ಎಷ್ಟೊಂದು ಮಾಹಿತಿ, ಥ್ಯಾಂಕ್ಸ್! ಆದರೆ ಮೊಣಕಾಲಿನ ವಿಷಯ? ಬೆಟ್ಟದ ಊರು ಅಂದರೆ ಬರೀ ಮೆಟ್ಟಿಲು ಅಂತ ಅಪ್ಪನಿಗೆ ಈಗಲೇ ಚಿಂತೆ ಹತ್ತಿದೆ.

ಸಂಜೆಮಲ್ಲಿಗೆ:
ಇದಕ್ಕೆ ನಾನು ಉತ್ತರ ಕೊಡ್ತೀನಿ, ನನ್ನ ಅತ್ತೆಯನ್ನು ಕರೆದುಕೊಂಡು ಓಡಾಡಿದ್ದೇನೆ. ಉಂಬ್ರಿಯಾದ ಊರುಗಳಲ್ಲಿ ಎಸ್ಕಲೇಟರ್, ಲಿಫ್ಟ್ ಇಷ್ಟು ಇರುತ್ತವೆ ಅಂತ ಹೋಗುವ ತನಕ ನನಗೂ ನಂಬಿಕೆ ಇರಲಿಲ್ಲ. ಅಲ್ಲಿ ಊರಿನವರಿಗೂ ಅದು ಬೇಕು. ಕೆಳಗಿನ ಪಾರ್ಕಿಂಗ್‌ನಿಂದ ದಿನಾ ಮೇಲೆ ಹತ್ತುವವರು ಅವರೇ ತಾನೇ.

ಒರ್ವಿಯೆತೊದಲ್ಲಿ ರೈಲು ಇಳಿದ ಕೂಡಲೇ ಎದುರಿಗೇ ಫ್ಯೂನಿಕ್ಯುಲರ್, ಹಳಿ ಮೇಲೆ ಬೆಟ್ಟ ಹತ್ತುವ ಗಾಡಿ. ಸ್ಪೊಲೆಟೊದಲ್ಲಿ ಕೆಳಗಿನಿಂದ ಮೇಲಿನ ಕೋಟೆಯ ತನಕ ಬೆಟ್ಟದ ಒಳಗೇ ಎಸ್ಕಲೇಟರ್ ಮತ್ತು ಚಲಿಸುವ ನಡೆದಾರಿ. ತೋದಿಯಲ್ಲಿ ಪಾರ್ಕಿಂಗ್‌ನಿಂದ ಓರೆಯಾಗಿ ಹತ್ತುವ ಲಿಫ್ಟ್. ಗುಬ್ಬಿಯೊದಲ್ಲೂ ಮೇಲಿನ ಓಣಿಗಳಿಗೆ ಲಿಫ್ಟ್ ಇದೆ. ಪೆರುಜಾದ ಎಸ್ಕಲೇಟರ್ ಅಂತೂ ನೋಡಲೇಬೇಕು. 1540ರಲ್ಲಿ ಪೋಪ್ ಮೂರನೇ ಪಾಲ್ ಊರನ್ನು ಹದ್ದುಬಸ್ತಿನಲ್ಲಿಡಲು ಒಂದು ಬೀದಿಗೆ ಬೀದಿಯನ್ನೇ ಹೂತು ಮೇಲೆ ಕೋಟೆ ಕಟ್ಟಿಸಿದ್ದ. ಕೋಟೆಯನ್ನು ಜನ ಆಮೇಲೆ ಕೆಡವಿದರು. ಅಡಿಯಲ್ಲಿದ್ದ ಬೀದಿ ಉಳಿಯಿತು, ಎಸ್ಕಲೇಟರ್ ಅದರೊಳಗೇ ಹಾದುಹೋಗುತ್ತೆ. ಬಾಗಿಲು, ಕಿಟಕಿ, ಗೋಪುರದ ಬುಡ ಎಲ್ಲ ಪಕ್ಕದಲ್ಲೇ ಕಾಣುತ್ತೆ, ತಲೆ ಮೇಲೆ ಇಟ್ಟಿಗೆಯ ಕಮಾನು. ಅತ್ತೆ ಒಮ್ಮೆ ಮೇಲೆ ಹೋಗಿ ಮತ್ತೆ ಕೆಳಗಿಳಿದು ಇನ್ನೊಮ್ಮೆ ಹತ್ತಿದರು.

ಲಿಫ್ಟ್ ಕೆಟ್ಟಿದೆಯಾ ಅಂತ ಉಳಿಯುವ ಮನೆಯವರನ್ನು ಮೊದಲೇ ಕೇಳಿ. ಓಣಿಯ ಕಲ್ಲು ಮಳೆಯಲ್ಲಿ ಜಾರುತ್ತೆ, ಒಳ್ಳೆ ಹಿಡಿತ ಇರುವ ಶೂ ಇರಲಿ.

ಮುಂಗಾರುಹಕ್ಕಿ:
ಒರ್ವಿಯೆತೊದ ಬಾವಿಗೆ ಮಾತ್ರ ಲಿಫ್ಟ್ ಇಲ್ಲ. 248 ಮೆಟ್ಟಿಲು.

ಹಳೇನಕಾಶೆ:
ಆದರೂ ನೀವು ಇಳಿಯಿರಿ, ಅಪ್ಪ ಮೇಲೆ ತೋಟದಲ್ಲಿ ಕೂರಲಿ. ಫ್ಯೂನಿಕ್ಯುಲರ್ ಇಳಿದ ಜಾಗದ ಪಕ್ಕದಲ್ಲೇ ಇದೆ. 1527ರಲ್ಲಿ ರೋಮ್ ಲೂಟಿಯಾದಾಗ ಪೋಪ್ ಏಳನೇ ಕ್ಲೆಮೆಂಟ್ ಓಡಿ ಬಂದು ಇಲ್ಲಿ ಸೇರಿಕೊಂಡ. ಮುತ್ತಿಗೆ ಹಾಕಿದರೆ ನೀರಿಗೇನು ಗತಿ ಅಂತ ಬಾವಿ ತೋಡಿಸಿದ. ಸಾಂಗಾಲ್ಲೊ ಅನ್ನುವ ವಾಸ್ತುಶಿಲ್ಪಿಯ ಕೆಲಸ. ಐವತ್ತು ಮೀಟರಿಗೂ ಜಾಸ್ತಿ ಆಳ, ಒಂದರೊಳಗೊಂದು ಸುತ್ತಿಕೊಂಡ ಎರಡು ಮೆಟ್ಟಿಲು ದಾರಿ. ನೀರು ಹೊರುವ ಹೇಸರಗತ್ತೆ ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುತ್ತಿತ್ತು, ಎದುರುಬದುರು ಸಿಕ್ಕಿಹಾಕಿಕೊಳ್ಳುವ ಮಾತೇ ಇಲ್ಲ. ಇಳಿಯುವಾಗ ಬಾವಿಗೋಡೆಯ ಕಿಟಕಿಯಿಂದ ಆಚೆ ನೋಡಿದರೆ, ಎದುರಿನ ಕಿಟಕಿಯಲ್ಲಿ ಹತ್ತುತ್ತಿರುವವರ ಮುಖ ಕಾಣುತ್ತೆ. ಅವರನ್ನು ಮುಟ್ಟಲು ಆಗಲ್ಲ, ಆ ದಾರಿಯಲ್ಲಿ ಸೇರಲೂ ಆಗಲ್ಲ. ತಳದಲ್ಲಿ ಸಣ್ಣ ಮರದ ಸೇತುವೆ, ಅಲ್ಲಿಂದ ತಲೆ ಎತ್ತಿದರೆ ಆಕಾಶ ನಾಣ್ಯದಷ್ಟೇ. ಸೆಕೆಯ ದಿನವೂ ಒಳಗೆ ಚಳಿ ಹಿಡಿಯುತ್ತೆ.

ಟಾರುರಸ್ತೆ:
ಕಾರಿನ ವಿಷಯಕ್ಕೆ ಬರೋಣ. ತಗೊಳ್ಳಿ. ಕಾರಿಲ್ಲದೆ ಬೆಟ್ಟದ ಊರು ನೋಡ್ತೀನಿ ಅಂದರೆ ಅರ್ಧ ದಿನ ಬಸ್ ಸ್ಟಾಪಲ್ಲೇ ಕಳೆಯುತ್ತೆ. ನಮ್ಮ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಕಡ್ಡಾಯ, ಹೊರಡುವ ಮೊದಲೇ ಭಾರತದಲ್ಲೇ ಮಾಡಿಸಿಕೊಳ್ಳಿ.

ಸಂಜೆಮಲ್ಲಿಗೆ:
ಜೆಡ್‌ಟಿಎಲ್ ಬಗ್ಗೆ ಹೇಳದೆ ಕಾರು ತಗೊಳ್ಳಿ ಅಂದರೆ ಹೇಗೆ? ಹಳೆಯ ಊರೊಳಗೆ ಹೊರಗಿನವರ ಗಾಡಿಗೆ ಪ್ರವೇಶ ಇಲ್ಲ. ಬಿಳಿ ಫಲಕದ ಮೇಲೆ ಕೆಂಪು ವೃತ್ತ ಇರುತ್ತೆ, ಪಕ್ಕದಲ್ಲಿ ಕ್ಯಾಮೆರಾ. ಯಾರೂ ತಡೆಯಲ್ಲ, ಗೇಟೂ ಇರಲ್ಲ. ನಂಬರ್ ಪ್ಲೇಟಿನ ಫೋಟೋ ಬೀಳುತ್ತೆ, ತಿಂಗಳುಗಳಾದ ಮೇಲೆ ಮನೆಗೆ ದಂಡದ ಕಾಗದ. ನಮ್ಮ ಗುಂಪಿನ ಒಬ್ಬರಿಗೆ ಹೀಗೇ ಆಯಿತು. ನಿಮ್ಮ ವಿಳಾಸ ಪೊಲೀಸರಿಗೆ ಕೊಟ್ಟಿದ್ದಕ್ಕೆ ಅಂತ ಬಾಡಿಗೆ ಕಂಪನಿಯವರು ಬೇರೆ ಶುಲ್ಕ ಕಿತ್ತುಕೊಂಡರು, ದಂಡ ಅದಕ್ಕೆ ಹೊರತಾಗಿ. ಮ್ಯಾಪ್ ಆ್ಯಪ್ ಅದರೊಳಗೇ ದಾರಿ ತೋರಿಸಿತ್ತು.

ಟಾರುರಸ್ತೆ:
ಗೋಡೆಯ ಹೊರಗೆ ನಿಲ್ಲಿಸಿ ನಡೆದು ಹೋದರೆ ಈ ಗೋಳೇ ಇಲ್ಲ. ಬಿಳಿ ಗೆರೆ ಇದ್ದರೆ ಬಹುತೇಕ ಉಚಿತ, ನೀಲಿ ಗೆರೆ ಇದ್ದರೆ ದುಡ್ಡು, ಹಳದಿ ಗೆರೆ ಇದ್ದರೆ ನಿಲ್ಲಿಸಲೇಬೇಡಿ. ಹೋಟೆಲ್ ಒಳಗೇ ಇದ್ದರೆ ಮೊದಲೇ ಅವರಿಗೆ ಗಾಡಿ ನಂಬರ್ ಕೊಡಿ, ಅನುಮತಿ ಹಾಕಿಸಿಕೊಡ್ತಾರೆ.

ರೈಲುಪೆಟ್ಟಿಗೆ:
ಕಾರು ಇಲ್ಲದೆಯೂ ಚೆನ್ನಾಗಿ ಆಗುತ್ತೆ, ಟಾರುರಸ್ತೆಯವರ ಮಾತಿಗೆ ಹೆದರಬೇಡಿ. ಒರ್ವಿಯೆತೊ ರೋಮ್‌-ಫ್ಲಾರೆನ್ಸ್ ಹಳೆಯ ಮಾರ್ಗದಲ್ಲೇ ಇದೆ. ಸ್ಪೊಲೆಟೊ, ತ್ರೇವಿ, ಸ್ಪೆಲ್ಲೊ ಎಲ್ಲಕ್ಕೂ ಪ್ಯಾಸೆಂಜರ್ ರೈಲು ಇದೆ. ಗುಬ್ಬಿಯೊಗೆ ಮಾತ್ರ ಫೊಸ್ಸಾತೊ ದಿ ವಿಕೊ ಸ್ಟೇಷನ್ನಿಂದ ಬಸ್. ಪ್ಯಾಸೆಂಜರ್ ರೈಲಿಗೆ ಕಾಗದದ ಟಿಕೆಟ್ ತಗೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಿ.

ಬಸ್ ಸ್ಟಾಪಿನಲ್ಲಿ ಒಂದು ಕಾಗದ ಅಂಟಿಸಿರ್ತಾರೆ, ಬಿಸಿಲಿಗೆ ಹಳದಿಯಾಗಿರುತ್ತೆ. ಅದರಲ್ಲಿ ಗಂಟೆ ನೋಡುವ ಮೊದಲು ಪಕ್ಕದ ಪುಟ್ಟ ಅಕ್ಷರ ನೋಡಿ. ಫೆರಿಯಾಲೆ ಅಂತ ಇದ್ದರೆ ಸೋಮವಾರದಿಂದ ಶನಿವಾರ. ಫೆಸ್ತಿವೊ ಅಂದರೆ ಭಾನುವಾರ ಮತ್ತು ಹಬ್ಬ. ಸ್ಕೊಲಾಸ್ತಿಕೊ ಅಂತ ಇದ್ದರೆ ಶಾಲೆ ಇರುವ ದಿನ ಮಾತ್ರ ಬಸ್. ಮಧ್ಯಾಹ್ನ ಒಂದೂವರೆಯ ಬಸ್ಸು ಹೆಚ್ಚಾಗಿ ಶಾಲೆ ಮಕ್ಕಳದ್ದೇ. ಭಾನುವಾರ ಎಷ್ಟೋ ಊರಿಗೆ ಬಸ್ಸೇ ಇಲ್ಲ. ಟಿಕೆಟ್ ಪಕ್ಕದ ತಂಬಾಕು ಅಂಗಡಿಯಲ್ಲಿ ಸಿಗುತ್ತೆ, ಅದೂ ಮಧ್ಯಾಹ್ನ ಬಾಗಿಲು ಹಾಕಿರುತ್ತೆ, ಬೆಳಿಗ್ಗೆಯೇ ವಾಪಸಿನದ್ದೂ ತಗೊಂಡಿಡಿ. ಸ್ಪೊಲೆಟೊದಲ್ಲಿ ಮನೆ ಮಾಡಿ ಸುತ್ತಾಡಿ ಅನ್ನುವುದು ನನ್ನ ಸಲಹೆ.

ಬೀಜಗಣಿತ:
ಸ್ವಲ್ಪ ಬೇರೆ ಪ್ರಶ್ನೆ. ಇವರೆಲ್ಲ ಯಾಕೆ ಬೆಟ್ಟದ ತುದಿಗೇ ಹೋಗಿ ಊರು ಕಟ್ಟಿದರು? ನೀರಿಲ್ಲ, ಹೊಲ ಕೆಳಗೆ, ದಿನಾ ಹತ್ತಿ ಇಳಿಯಬೇಕು.

ತೊಂಡೆಬಳ್ಳಿ:
ಸೊಳ್ಳೆ. ಕೆಳಗೆ ಜೌಗು, ಮಲೇರಿಯಾ. ಇಟಲಿಯಿಂದ ಮಲೇರಿಯಾ ಹೋಗಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದೇ 1970ರಲ್ಲಿ.

ಹಳೇನಕಾಶೆ:
ಸೊಳ್ಳೆ ಒಂದೇ ಅಲ್ಲ. ಒರ್ವಿಯೆತೊದಂಥ ಕಡಿದಾದ ಬಂಡೆಗಳನ್ನು ಎಟ್ರುಸ್ಕನ್ನರು ರೋಮನ್ನರಿಗಿಂತ ಮೊದಲೇ ಆರಿಸಿಕೊಂಡಿದ್ದರು, ಕಾವಲಿಗೆ ಸುಲಭ ಅಂತ. ರೋಮ್ ಅದನ್ನು ಕ್ರಿ.ಪೂ. 264ರಲ್ಲಿ ನಾಶ ಮಾಡಿತು. ಇನ್ನೆಷ್ಟೋ ಊರು ಹುಟ್ಟಿದ್ದು 10ರಿಂದ 12ನೇ ಶತಮಾನದಲ್ಲಿ. ಜಮೀನುದಾರರು ಚದುರಿ ಬದುಕುತ್ತಿದ್ದ ರೈತರನ್ನು ಕೋಟೆಯೊಳಗೆ ಒಟ್ಟು ಸೇರಿಸಿದರು. ರಕ್ಷಣೆಯೂ ಆಯಿತು, ಕಂದಾಯ ವಸೂಲಿಯೂ ಸಲೀಸು.

ತೊಂಡೆಬಳ್ಳಿ:
ಸರಿ, ಆದರೆ ಶಾಂತಿ ಬಂದ ಮೇಲೂ ಕೆಳಗೆ ಇಳಿಯದಿರಲು ಕಾರಣ ಸೊಳ್ಳೆಯೇ. ಟಸ್ಕನಿಯ ದಕ್ಷಿಣಕ್ಕಿರುವ ಮರೆಮ್ಮ ಕಡೆ ಬೇಸಿಗೆಯಲ್ಲಿ ಕಚೇರಿಗಳೇ ಮೇಲಿನ ಊರುಗಳಿಗೆ ಹೋಗುತ್ತಿದ್ದವು.

ಹಳೇನಕಾಶೆ:
ಅದನ್ನು ಒಪ್ಪುತ್ತೇನೆ. ಆ ಮರೆಮ್ಮದಲ್ಲೇ ಪಿತಿಲ್ಯಾನೊ ಇದೆ, ಪಟ್ಟಿಗೆ ಸೇರಿಸಿಕೊಳ್ಳಿ. ಬಂಡೆ ಎಲ್ಲಿ ಮುಗಿಯಿತು, ಮನೆ ಗೋಡೆ ಎಲ್ಲಿ ಶುರುವಾಯಿತು ಗೊತ್ತಾಗಲ್ಲ, ಎರಡಕ್ಕೂ ಒಂದೇ ಕಲ್ಲು. 1598ರ ಸಿನಗಾಗ್ ಇದೆ. ಪೋಪ್ ಆಳ್ವಿಕೆಯ ಊರುಗಳಿಂದ ಹೊರಬಿದ್ದ ಯಹೂದಿಗಳು ಇಲ್ಲಿ ಬಂದು ನೆಲೆಸಿದ್ದರು. ಅದಕ್ಕೇ ಪುಟ್ಟ ಜೆರುಸಲೇಮ್ ಅಂತ ಕರೀತಾರೆ. ಊರಾಚೆ ಎಟ್ರುಸ್ಕನ್ನರು ಕಲ್ಲಿನಲ್ಲಿ ಆಳವಾಗಿ ಕೊರೆದ ಕಣಿವೆಯಂಥ ದಾರಿಗಳಿವೆ.

ಸಂಜೆಮಲ್ಲಿಗೆ:
ಸಸ್ಯಾಹಾರದ ಬಗ್ಗೆ: ಉಪವಾಸ ಏನೂ ಬೀಳಲ್ಲ. ಉಂಬ್ರಿಯಾದಲ್ಲಿ ಸ್ತ್ರಂಗೊತ್ಸಿ ಅನ್ನುವ ದಪ್ಪ ಶಾವಿಗೆಯಂಥ ಪಾಸ್ತಾ ಕಪ್ಪು ಟ್ರಫಲ್ (ನೆಲದಡಿ ಬೆಳೆಯುವ ಅಣಬೆ) ಜೊತೆ ಕೊಡ್ತಾರೆ, ಬಿಸಿ ಕಲ್ಲಿನ ಮೇಲೆ ಬೇಯಿಸಿದ ರೊಟ್ಟಿಯೊಳಗೆ ಸೊಪ್ಪು ಹಾಕಿ ಕೊಡ್ತಾರೆ. ಕಾಸ್ತೆಲ್ಲುಚೊದ ಸಣ್ಣ ಮಸೂರ ಬೇಳೆ ಹೆಸರುವಾಸಿ. ಸೂಪಿಗೆ ಮಾತ್ರ ಹಂದಿಮಾಂಸದ ಚೂರು ಅಥವಾ ಮಾಂಸದ ಸಾರು ಬಿದ್ದಿರಬಹುದು, ಕೇಳಿಯೇ ತಗೊಳ್ಳಿ. ಪಾರ್ಮೆಸಾನ್ ಗಿಣ್ಣಿಗೆ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಹಾಕ್ತಾರೆ, ಅಮ್ಮನಿಗೆ ಅದು ಮುಖ್ಯವಾದರೆ ಬೇಡ ಅಂತ ಮೊದಲೇ ಹೇಳಿ. ಬ್ರೆಡ್ಡಿಗೆ ಉಪ್ಪೇ ಇರಲ್ಲ, ಹಳಸಿದೆ ಅಂದುಕೊಳ್ಳಬೇಡಿ.

ಟಾರುರಸ್ತೆ:
ಆ ಉಪ್ಪಿನ ಕಥೆ ಚೆನ್ನಾಗಿದೆ! ಮೂರನೇ ಪಾಲ್ ಉಪ್ಪಿನ ಮೇಲೆ ತೆರಿಗೆ ಏರಿಸಿದಾಗ ಪೆರುಜಾದವರು ದಂಗೆ ಎದ್ದರು, ಸೋತರು, ಆವತ್ತಿಂದ ಉಪ್ಪಿಲ್ಲದ ಬ್ರೆಡ್.

ಹಳೇನಕಾಶೆ:
ದಂಗೆ ನಡೆದಿದ್ದು ನಿಜ, ಸಂಜೆಮಲ್ಲಿಗೆ ಹೇಳಿದ ಕೋಟೆ ಕಟ್ಟಿದ್ದೇ ಅದರ ನಂತರ. ಬ್ರೆಡ್ಡಿನ ಭಾಗ ನಂಬುವುದು ಕಷ್ಟ. ಟಸ್ಕನಿಯಲ್ಲೂ ಬ್ರೆಡ್ಡಿಗೆ ಉಪ್ಪಿಲ್ಲ, ಅದು ಪೋಪ್ ಕೈಯಲ್ಲಿ ಇರಲಿಲ್ಲವಲ್ಲ.

ಟಾರುರಸ್ತೆ:
ಪೆರುಜಾದಲ್ಲಿ ಯಾರನ್ನಾದರೂ ಕೇಳಿ, ಇದನ್ನೇ ಹೇಳ್ತಾರೆ.

ಹಳೇನಕಾಶೆ:
ಹೇಳ್ತಾರೆ. ಪಿಸಾದವರನ್ನು ಕೇಳಿದರೆ ಅವರದ್ದೂ ಒಂದು ಕಥೆ ಇರುತ್ತೆ.

ಬೆಳ್ಳಂಬೆಳಗು:
ಕಾಸ್ತೆಲ್ಲುಚೊ ಹೆಸರು ಬಂತು, ಒಂದು ಮಾತು. 2016ರ ಆಗಸ್ಟ್ ಮತ್ತು ಅಕ್ಟೋಬರ್ ಭೂಕಂಪಗಳಲ್ಲಿ ಆ ಕಡೆ ತುಂಬಾ ಹಾನಿಯಾಗಿದೆ. ಅಮತ್ರೀಚೆ ನೆಲಸಮವಾಯಿತು, ನೋರ್ಚಾದಲ್ಲಿ ಸಂತ ಬೆನೆಡಿಕ್ಟರ ಬಸಿಲಿಕಾ ಕುಸಿದು ಮುಂಭಾಗದ ಗೋಡೆ ಮಾತ್ರ ನಿಂತಿತ್ತು. ಕಟ್ಟುವ ಕೆಲಸ ವರ್ಷಗಟ್ಟಲೆ ನಡೆದಿದೆ. ಹೋಗುವುದಾದರೆ ಯಾವ ಓಣಿ ತೆರೆದಿದೆ ಅಂತ ವಿಚಾರಿಸಿ, ಅಲ್ಲಿನ ಬೇಳೆ, ಗಿಣ್ಣು ಅಲ್ಲಿಯವರಿಂದಲೇ ತಗೊಳ್ಳಿ. ಬಿದ್ದ ಮನೆಗಳ ಮುಂದೆ ನಿಂತು ಫೋಟೋ ಬೇಡ.

ರೈಲುಪೆಟ್ಟಿಗೆ:
ಇನ್ನೊಂದು ಹೆಸರು ಬಿಟ್ಟುಹೋಗಿದೆ: ಉರ್ಬಿನೊ. ಚಿತ್ರಕಾರ ರಾಫೆಲ್ 1483ರಲ್ಲಿ ಹುಟ್ಟಿದ ಊರು, ಡ್ಯೂಕ್ ಫೆದೆರಿಕೊನ ಅರಮನೆ. ಆತನ ಓದುವ ಕೋಣೆಯ ಗೋಡೆಯ ಕೆಳಭಾಗ ಪೂರ್ತಿ ಮರದ ಚೂರುಗಳ ಜೋಡಣೆ. ಅರ್ಧ ತೆರೆದ ಕಪಾಟು, ಪುಸ್ತಕ, ವಾದ್ಯ ಎಲ್ಲ ಇವೆ ಅನ್ನಿಸುತ್ತೆ, ಹತ್ತಿರ ಹೋದರೆ ಚಪ್ಪಟೆ ಹಲಗೆ. ರೈಲಿಲ್ಲ, ಪೆಸಾರೊದಿಂದ ಬಸ್. ವಿಶ್ವವಿದ್ಯಾಲಯ ಇರುವುದರಿಂದ ಪ್ರವಾಸಿಗರು ಹೋದ ಮೇಲೂ ಚೌಕದಲ್ಲಿ ಹುಡುಗ ಹುಡುಗಿಯರ ಗಲಾಟೆ. ಆದರೆ ದಾರಿಗುಂಟ, ನಿಮ್ಮ ಒಂದು ವಾರದಲ್ಲಿ ಇದನ್ನು ತುರುಕಬೇಡಿ. ಪರ್ವತ ದಾಟಿ ಆ ಕಡೆ ಹೋಗಬೇಕು.

ದಾರಿಗುಂಟ:
ಸರಿ, ಸ್ಪೊಲೆಟೊದಲ್ಲಿ ಮನೆ ಹಿಡಿಯುತ್ತೇವೆ, ಕಾರಿಲ್ಲದೆ. ಒರ್ವಿಯೆತೊ, ಸ್ಪೆಲ್ಲೊ, ಪೆರುಜಾ ರೈಲಲ್ಲಿ. ಗುಬ್ಬಿಯೊಗೆ ಒಂದು ರಾತ್ರಿ. ಅಲ್ಲಿ ಬೆಟ್ಟದ ತುದಿಗೆ ಪಂಜರದಂಥ ಗಾಡಿ ಹೋಗುತ್ತಂತೆ, ಅಪ್ಪನಿಗೆ ಆಗುತ್ತಾ?

ತೊಂಡೆಬಳ್ಳಿ:
ನಿಂತುಕೊಂಡೇ ಹೋಗಬೇಕು, ಮತ್ತು ಅದು ನಿಲ್ಲುವುದಿಲ್ಲ. ಚಲಿಸುತ್ತಿರುವಾಗಲೇ ಒಳಗೆ ಹೆಜ್ಜೆ ಇಡಬೇಕು. ಸಿಬ್ಬಂದಿ ಕೈ ಹಿಡೀತಾರೆ. ಆದರೂ ಮೊಣಕಾಲು ತುಂಬಾ ನೋವಿದ್ದರೆ ಟ್ಯಾಕ್ಸಿ ಮಾಡಿ, ಮೇಲಿನ ಸಂತ ಉಬಾಲ್ದೊ ಬಸಿಲಿಕಾದ ತನಕ ರಸ್ತೆ ಇದೆ. ಮೇ 15ರ ಓಟದಲ್ಲಿ ಹೆಗಲ ಮೇಲೆ ಹೊತ್ತು ಓಡುವ ಮೂರು ಭಾರಿ ಮರದ ಕಂಬಗಳನ್ನು ಅದರೊಳಗೇ ಇಟ್ಟಿದ್ದಾರೆ. ಹೊತ್ತವರು ಇಡೀ ಬೆಟ್ಟ ಓಡಿ ಹತ್ತುತ್ತಾರೆ.

ಬೀಜಗಣಿತ:
ನಮಗೆ ರಜೆ ಸಿಗುವುದು ಡಿಸೆಂಬರಲ್ಲಿ ಮಾತ್ರ. ಆಗ ಹೋಗಬಹುದಾ?

ತೊಂಡೆಬಳ್ಳಿ:
ಧಾರಾಳವಾಗಿ. ಚಳಿ ಇದೆ, ಬೇಗ ಕತ್ತಲಾಗುತ್ತೆ, ಕೆಲವು ಹೋಟೆಲ್ ಮುಚ್ಚಿರುತ್ತವೆ. ಆದರೆ ಗುಬ್ಬಿಯೊದಲ್ಲಿ ಡಿಸೆಂಬರ್ 7ರ ಸಂಜೆಯಿಂದ ಊರ ಹಿಂದಿನ ಬೆಟ್ಟದ ಇಡೀ ಇಳಿಜಾರಿನಲ್ಲಿ ದೀಪಗಳಿಂದ ಕ್ರಿಸ್ಮಸ್ ಮರ ಬಿಡಿಸ್ತಾರೆ. 1981ರಿಂದ ಊರಿನ ಸ್ವಯಂಸೇವಕರೇ ಮಾಡಿಕೊಂಡು ಬಂದಿದ್ದಾರೆ. ಆ ವಾರಾಂತ್ಯ ಬಿಟ್ಟು, ವಾರದ ನಡುವೆ ಹೋಗಿ. ಡಿಸೆಂಬರ್ 8 ಅಲ್ಲಿ ಸರ್ಕಾರಿ ರಜೆ, ಬಸ್ಸಿಗೆ ಫೆಸ್ತಿವೊ ಪಟ್ಟಿಯನ್ನೇ ನೋಡಿಕೊಳ್ಳಿ.